ಹಸುಗೂಸಿನ ಕಾಮಾಲೆ: ಹಳದಿಯ ಹಿಂದೆ ಅಡಗಿರಬಹುದಾದ ಸೋಂಕು

ಹೆರಿಗೆಯಾದ ಎರಡು ಮೂರು ದಿನಗಳಲ್ಲಿ ಕೂಸಿನ ಮುಖ ಹಳದಿಗೆ ತಿರುಗುವುದನ್ನು ಕಾಣದ ಮನೆ ವಿರಳ. ತುಂಬು ತಿಂಗಳಿಗೆ ಜನಿಸಿದ ಪ್ರತಿ 100 ಶಿಶುಗಳಲ್ಲಿ ಸುಮಾರು 60ಕ್ಕೆ, ತಿಂಗಳು ತುಂಬುವ ಮೊದಲೇ ಜನಿಸಿದವುಗಳಲ್ಲಿ ಸುಮಾರು 80ಕ್ಕೆ ಮೊದಲ ವಾರದಲ್ಲಿ ಕಾಮಾಲೆ ಕಾಣಿಸಿಕೊಳ್ಳುತ್ತದೆ. ಅವುಗಳಲ್ಲಿ ಹೆಚ್ಚಿನವುಗಳ ಹಳದಿ ಯಾವ ಔಷಧದ ನೆರವೂ ಇಲ್ಲದೆ ತಾನಾಗಿಯೇ ಇಳಿದುಹೋಗುತ್ತದೆ. ಇಷ್ಟು ಸಾಮಾನ್ಯವಾದುದರಿಂದಲೇ ಅದರ ವಿಷಯದಲ್ಲಿ ನಮ್ಮ ಜನರಲ್ಲಿ ಒಂದು ನಿಶ್ಚಿಂತೆ ಬೆಳೆದಿದೆ. ಆ ನಿಶ್ಚಿಂತೆ ಬಹುಪಾಲು ಸಂದರ್ಭಗಳಲ್ಲಿ ಸರಿಯಾದುದೇ. ಆದರೆ ಕೆಲವು ಕೂಸುಗಳಲ್ಲಿ ಆ ಹಳದಿಯು ಒಳಗೆ ಬೆಳೆಯುತ್ತಿರುವ ಸೋಂಕಿನ ಮೊದಲ ಕುರುಹಾಗಿರುತ್ತದೆ. ಕೆಲವೊಮ್ಮೆ ಅದೊಂದೇ ಕುರುಹಾಗಿರುತ್ತದೆ. ಅಂತಹ ಕೂಸುಗಳನ್ನು ಗುರುತಿಸುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಇದನ್ನು ಬರೆಯಲು ಕಾರಣವಾದ ಒಂದು ಪ್ರಸಂಗವನ್ನು ಮೊದಲು ಹೇಳಬೇಕು. ನಾನು ವೈದ್ಯವೃತ್ತಿಗೆ ಬಂದು ಆಗ ಮೂರು ನಾಲ್ಕು ವರ್ಷಗಳಾಗಿದ್ದವು. ಹತ್ತಿರದ ಹಳ್ಳಿಯ ಅಜ್ಜಿಯೊಬ್ಬರು ತವರಿಗೆ ಬಂದಿದ್ದ ಬಾಣಂತಿ ಮಗಳನ್ನೂ ಹತ್ತೊಂಬತ್ತು ದಿನದ ಗಂಡುಕೂಸನ್ನೂ ಕರೆತಂದರು. “ತೊಟ್ಟಿಲಕ್ಕ ಹಾಕೂ ಹೊತ್ತಿಗೆ ಹಳದಿ ಹೋಗಿತ್ರೀ ಡಾಕ್ಟರ್ರ, ಈಗ ಮತ್ತ ಬಂದೈತಿ” ಎಂದರು. ಕೂಸು ಹಾಲು ಕುಡಿಯುತ್ತಿತ್ತು, ಜ್ವರವಿರಲಿಲ್ಲ, ಅಳುವೂ ಗಟ್ಟಿಯಾಗಿತ್ತು. ತಾಯಿಯ ಹಾಲಿನಿಂದ ಬರುವ ಕಾಮಾಲೆ ಎಂದು ಬಗೆದು, “ಅಂಜಬ್ಯಾಡ್ರಿ ಅಮ್ಮಾರ, ತಾನ ಇಳಿತೈತಿ” ಎಂದು ಹೇಳಿ ಕಳುಹಿಸಿದೆ.

ಒಂಬತ್ತು ದಿನಗಳ ನಂತರ ಅಜ್ಜಿ ಅದೇ ಕೂಸನ್ನು ಕಂಬಳಿಯಲ್ಲಿ ಸುತ್ತಿ ತಂದಾಗ ಅದು ಮೊಲೆಗೆ ಬಾಯಿ ಹಚ್ಚುತ್ತಿರಲಿಲ್ಲ, ಕೈಕಾಲುಗಳು ತಣ್ಣಗಾಗಿದ್ದವು. ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಕಳುಹಿಸಿದೆವು. ಮೂತ್ರದಲ್ಲಿಯೂ ರಕ್ತದಲ್ಲಿಯೂ ಒಂದೇ ರೋಗಾಣು ಬೆಳೆಯಿತು. ಹುಟ್ಟಿನಿಂದಲೇ ಮೂತ್ರಮಾರ್ಗದಲ್ಲಿದ್ದ ಅಡ್ಡಿಯಿಂದ ಮೂತ್ರ ನಿಂತು, ಅದರಲ್ಲಿ ಸೋಂಕು ಬೆಳೆದು ರಕ್ತಕ್ಕೆ ಏರಿತ್ತು. ಕೂಸು ಬದುಕಿತು. ಆದರೆ ಅದರ ಒಂದು ಮೂತ್ರಪಿಂಡ ಶಾಶ್ವತವಾಗಿ ಕುಗ್ಗಿಹೋಯಿತು. ಹತ್ತೊಂಬತ್ತನೆಯ ದಿನವೇ ಒಂದು ಬಾಟಲಿ ಮೂತ್ರವನ್ನು ಪರೀಕ್ಷೆಗೆ ಕಳುಹಿಸಿದ್ದರೆ ಈ ಹಾನಿ ತಪ್ಪುತ್ತಿತ್ತೇನೋ ಎಂಬ ಪ್ರಶ್ನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ. ಸುಳಿವು ಅಜ್ಜಿಯ ಮಾತಿನಲ್ಲಿಯೇ ಇತ್ತು: ಹೋಗಿದ್ದ ಹಳದಿ ಮರಳಿ ಬಂದಿತ್ತು. ಅದನ್ನು ಕೇಳಿಸಿಕೊಂಡೂ ನಾನು ಗಮನಿಸಲಿಲ್ಲ.

ಹಳದಿ ಬರುವುದು ಏಕೆ?

ನಮ್ಮ ರಕ್ತದ ಕೆಂಪು ಕಣಗಳು ಸುಮಾರು 120 ದಿನ ಬದುಕಿ ನಂತರ ಒಡೆಯುತ್ತವೆ. ಹಸುಗೂಸಿನ ಕೆಂಪು ಕಣಗಳ ಆಯುಸ್ಸು ಸುಮಾರು 90 ದಿನ ಅಥವಾ ಅದಕ್ಕೂ ಕಡಿಮೆ. ಅವುಗಳ ಸಂಖ್ಯೆಯೂ ದೊಡ್ಡವರಿಗಿಂತ ಹೆಚ್ಚು. ಕಣಗಳು ಒಡೆದಾಗ ಬಿಲಿರುಬಿನ್ ಎಂಬ ಹಳದಿ ದ್ರವ್ಯ ಹುಟ್ಟುತ್ತದೆ. ಯಕೃತ್ತು, ಅಂದರೆ ಲಿವರ್, ಇದನ್ನು ನೀರಿನಲ್ಲಿ ಕರಗುವಂತೆ ಮಾರ್ಪಡಿಸಿ ಪಿತ್ತನಾಳದ ಮೂಲಕ ಕರುಳಿಗೆ ಕಳುಹಿಸುತ್ತದೆ. ಅದು ಮಲದೊಡನೆ ಹೊರಹೋಗುತ್ತದೆ. ಗರ್ಭದಲ್ಲಿರುವಾಗ ಈ ಕೆಲಸವನ್ನು ತಾಯಿಯ ದೇಹ ಮಾಡುತ್ತಿತ್ತು. ಹುಟ್ಟಿದ ಮೇಲೆ ಕೂಸಿನ ಯಕೃತ್ತು ಕೆಲಸವನ್ನು ಪೂರ್ಣವಾಗಿ ಕೈಗೆತ್ತಿಕೊಳ್ಳಲು ಕೆಲವು ದಿನಗಳು ಬೇಕು. ಆ ಅವಧಿಯಲ್ಲಿ ರಕ್ತದಲ್ಲಿ ಉಳಿದ ಬಿಲಿರುಬಿನ್ ಚರ್ಮಕ್ಕೂ ಕಣ್ಣಿಗೂ ಹಳದಿ ಬಣ್ಣ ಕೊಡುತ್ತದೆ. ಇದು ಸಹಜ ಕಾಮಾಲೆ.

ಇದಕ್ಕೆ ಒಂದು ನಿಯತವಾದ ನಡೆಯಿದೆ. ಹುಟ್ಟಿದ 24 ಗಂಟೆಗಳ ನಂತರ, ಸಾಮಾನ್ಯವಾಗಿ ಎರಡನೆಯ ಅಥವಾ ಮೂರನೆಯ ದಿನ ಆರಂಭವಾಗುತ್ತದೆ. ಮೂರರಿಂದ ಐದನೆಯ ದಿನಗಳಲ್ಲಿ ಏರಿಕೆಯ ತುದಿ ಮುಟ್ಟುತ್ತದೆ. ತುಂಬು ತಿಂಗಳ ಕೂಸಿನಲ್ಲಿ ಒಂದೆರಡು ವಾರಗಳಲ್ಲಿ ಇಳಿಯುತ್ತದೆ. ತಿಂಗಳು ತುಂಬದೆ ಹುಟ್ಟಿದ ಕೂಸಿನಲ್ಲಿ ಮೂರು ವಾರ ಹಿಡಿಯಬಹುದು. ಈ ನಡೆಯನ್ನು ಮೀರಿದ ಕಾಮಾಲೆ ಬೇರೆ ಕಾರಣವನ್ನು ಹುಡುಕಬೇಕೆಂದು ಹೇಳುತ್ತದೆ.

ಸೋಂಕು ಕಾಮಾಲೆಯಾಗಿ ತೋರುವುದು ಹೇಗೆ?

ಸೋಂಕಿಗೂ ಹಳದಿಗೂ ಏನು ಸಂಬಂಧ ಎಂಬ ಪ್ರಶ್ನೆ ಸಹಜ. ಸಂಬಂಧ ಮೂರು ಬಗೆಯದು. ಮೊದಲನೆಯದಾಗಿ, ರೋಗಾಣುಗಳು ರಕ್ತಕ್ಕೆ ಸೇರಿದಾಗ ಕೆಂಪು ಕಣಗಳು ಹೆಚ್ಚು ಒಡೆಯುತ್ತವೆ. ಬಿಲಿರುಬಿನ್ ಹೆಚ್ಚು ಹುಟ್ಟುತ್ತದೆ. ಎರಡನೆಯದಾಗಿ, ಇ-ಕೋಲೈ ಮೊದಲಾದ ರೋಗಾಣುಗಳ ವಿಷವು ಯಕೃತ್ತಿನ ಜೀವಕೋಶಗಳು ಪಿತ್ತವನ್ನು ಹೊರಹಾಕುವ ಕ್ರಿಯೆಯನ್ನು ಕುಂದಿಸುತ್ತದೆ; ಸಿದ್ಧವಾದ ಬಿಲಿರುಬಿನ್ ಕರುಳಿಗೆ ಹೋಗದೆ ರಕ್ತಕ್ಕೆ ಮರಳುತ್ತದೆ. ಮೂರನೆಯದಾಗಿ, ಸೋಂಕಿನಿಂದ ಕೂಸು ಹಾಲು ಕುಡಿಯುವುದು ಕಡಿಮೆಯಾದಾಗ ಮಲ ಕರುಳಿನಲ್ಲಿಯೇ ಹೆಚ್ಚು ಹೊತ್ತು ನಿಲ್ಲುತ್ತದೆ; ಕರುಳಿಗೆ ಬಂದ ಬಿಲಿರುಬಿನ್ ಪುನಃ ರಕ್ತಕ್ಕೆ ಹೀರಲ್ಪಡುತ್ತದೆ.

ದೊಡ್ಡವರಿಗೆ ಮೂತ್ರದ ಸೋಂಕಾದರೆ ಉರಿ, ಚಳಿ, ಜ್ವರ ಬರುತ್ತವೆ. ಅವರು ಬಾಯಿಬಿಟ್ಟು ಹೇಳುತ್ತಾರೆ. ಹಸುಗೂಸು ಹೇಳಲಾರದು. ಅದರ ದೇಹಕ್ಕೆ ಜ್ವರ ಏರಿಸುವ ಶಕ್ತಿಯೂ ಅಪೂರ್ಣ. ಕೆಲವೊಮ್ಮೆ ಜ್ವರದ ಬದಲು ಮೈ ತಣ್ಣಗಾಗುತ್ತದೆ. ಆದುದರಿಂದ “ಜ್ವರವಿಲ್ಲ, ಸೋಂಕಿಲ್ಲ” ಎಂಬ ತರ್ಕ ತೊಟ್ಟಿಲ ಕೂಸಿಗೆ ಅನ್ವಯಿಸುವುದಿಲ್ಲ.

2002ರಲ್ಲಿ ‘ಪೀಡಿಯಾಟ್ರಿಕ್ಸ್’ ವೈದ್ಯಕೀಯ ಪತ್ರಿಕೆಯಲ್ಲಿ ಅಮೆರಿಕದ ವೈದ್ಯರ ಒಂದು ಅಧ್ಯಯನ ಪ್ರಕಟವಾಯಿತು. ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದ, ಎಂಟು ವಾರಗಳೊಳಗಿನ, ಕಾಮಾಲೆಯನ್ನು ಬಿಟ್ಟರೆ ಬೇರೆ ಯಾವ ರೋಗಲಕ್ಷಣವೂ ಇಲ್ಲದ 160 ಶಿಶುಗಳ ಮೂತ್ರವನ್ನು ಅವರು ಪರೀಕ್ಷಿಸಿದರು. 12 ಶಿಶುಗಳಲ್ಲಿ, ಅಂದರೆ ನೂರಕ್ಕೆ ಏಳೂವರೆ ಪ್ರಮಾಣದಲ್ಲಿ, ಮೂತ್ರದ ಸೋಂಕು ಸಿಕ್ಕಿತು. ಹುಟ್ಟಿದ ಎಂಟು ದಿನಗಳ ನಂತರ ಕಾಮಾಲೆ ಆರಂಭವಾದ ಶಿಶುಗಳಲ್ಲಿ ಅದರ ಸಂಭವ ಹೆಚ್ಚಾಗಿತ್ತು. ಇವು ಆಸ್ಪತ್ರೆಗೆ ಬಂದ ಶಿಶುಗಳ ಲೆಕ್ಕವೆಂಬುದನ್ನು ಮರೆಯಬಾರದು; ಮನೆಯಲ್ಲಿರುವ ಹಳದಿ ಕೂಸುಗಳೆಲ್ಲಕ್ಕೂ ಇದೇ ಪ್ರಮಾಣ ಹೊಂದುವುದಿಲ್ಲ. ಆದರೂ ತಡವಾಗಿ ಬಂದ ಹಳದಿಯನ್ನು ಹಗುರವಾಗಿ ಎಣಿಸಬಾರದೆಂಬ ಪಾಠ ಸ್ಪಷ್ಟವಾಗಿದೆ.

ದಿನಗಳ ಲೆಕ್ಕ

ಬಣ್ಣ ಎಷ್ಟು ಗಾಢವೆಂಬುದು ಮುಖ್ಯವೇ. ಜೊತೆಗೆ ಅದು ಯಾವ ದಿನ ಬಂತು, ಎಷ್ಟು ದಿನ ಉಳಿಯಿತು ಎಂಬುದೂ ಅಷ್ಟೇ ಮುಖ್ಯ. ಈ ನಾಲ್ಕು ಸಂದರ್ಭಗಳನ್ನು ಪ್ರತಿಯೊಂದು ಮನೆಯ ಹಿರಿಯರೂ ನೆನಪಿನಲ್ಲಿಡಬೇಕು.

ಒಂದು, ಹುಟ್ಟಿದ 24 ಗಂಟೆಗಳೊಳಗೆ ಬರುವ ಹಳದಿ. ಇದು ಎಂದಿಗೂ ಸಹಜವಲ್ಲ. ತಾಯಿ ಮತ್ತು ಕೂಸಿನ ರಕ್ತದ ಗುಂಪುಗಳ ಹೊಂದಾಣಿಕೆಯ ತೊಡಕು ಇದಕ್ಕೆ ಮುಖ್ಯ ಕಾರಣ, ಸೋಂಕೂ ಕಾರಣವಾಗಿರಬಹುದು. ಗಂಟೆಗಳ ಲೆಕ್ಕದಲ್ಲಿ ಚಿಕಿತ್ಸೆ ಬೇಕು.

ಎರಡು, ಮೊದಲ ವಾರ ಕಳೆದ ಮೇಲೆ ಹೊಸದಾಗಿ ಆರಂಭವಾದ ಹಳದಿ.

ಮೂರು, ಇಳಿದುಹೋಗಿ ಮರಳಿ ಬಂದ ಹಳದಿ.

ನಾಲ್ಕು, ತುಂಬು ತಿಂಗಳ ಕೂಸಿನಲ್ಲಿ 14 ದಿನಗಳನ್ನು, ತಿಂಗಳು ತುಂಬದ ಕೂಸಿನಲ್ಲಿ 21 ದಿನಗಳನ್ನು ಮೀರಿ ಉಳಿದ ಹಳದಿ.

ನಮ್ಮ ಭಾಗದಲ್ಲಿ ಹನ್ನೆರಡು ಹದಿಮೂರನೆಯ ದಿನದ ಸುಮಾರಿಗೆ ಕೂಸನ್ನು ತೊಟ್ಟಿಲಿಗೆ ಹಾಕುವ ವಾಡಿಕೆಯಿದೆ. ಅಂದು ಬಂಧುಗಳೆಲ್ಲ ಸೇರಿರುತ್ತಾರೆ, ಕೂಸನ್ನು ಹೊರಗಿನ ಬೆಳಕಿಗೆ ತರುತ್ತಾರೆ. ಅಂದೇ ಹಿರಿಯರೊಬ್ಬರು ಕೂಸಿನ ಕಣ್ಣಿನ ಬಿಳಿಭಾಗವನ್ನು ನೋಡಿಬಿಡಲಿ. ಹಳದಿ ಉಳಿದಿದ್ದರೆ, ಇನ್ನೆರಡು ದಿನಗಳಲ್ಲಿ ಇಳಿಯದಿದ್ದಲ್ಲಿ, ಆಸ್ಪತ್ರೆಗೆ ಹೋಗಬೇಕೆಂದು ಅಲ್ಲಿಯೇ ನಿಶ್ಚಯಿಸಿಕೊಳ್ಳಲಿ. ಹಬ್ಬದ ಸಡಗರದಲ್ಲಿ ಇದಕ್ಕೆ ಬೇಕಾಗುವುದು ಅರ್ಧ ನಿಮಿಷ ಮಾತ್ರ.

ಮನೆಯಲ್ಲಿ ನೋಡಬೇಕಾದ ಎರಡು ಸಂಗತಿಗಳು: ಬೆಳಕು ಮತ್ತು ಬಟ್ಟೆ

ಬಾಣಂತಿಯ ಕೋಣೆಯನ್ನು ಕತ್ತಲಾಗಿಡುವುದು, ಕೂಸಿನ ಮೈಗೆ ಎಣ್ಣೆ ಅರಿಶಿನ ಹಚ್ಚುವುದು ಅನೇಕ ಮನೆಗಳ ರೂಢಿ. ಈ ಎರಡೂ ಸೇರಿ ಕಾಮಾಲೆಯನ್ನು ಮರೆಮಾಡುತ್ತವೆ. ಹಳದಿ ಬಲ್ಬಿನ ಬೆಳಕಿನಲ್ಲಿ ಹಳದಿ ಬಣ್ಣ ತಿಳಿಯದು. ದಿನಕ್ಕೊಮ್ಮೆ, ಕೂಸನ್ನು ಕಿಟಕಿಯ ಬಳಿ ಹಗಲಿನ ಬೆಳಕಿನಲ್ಲಿ ಹಿಡಿದು, ಹಣೆಯ ಅಥವಾ ಎದೆಯ ಚರ್ಮವನ್ನು ಬೆರಳಿನಿಂದ ಮೆಲ್ಲನೆ ಒತ್ತಿ ಬಿಡಬೇಕು. ಒತ್ತಿದ ಸ್ಥಳದಲ್ಲಿ ಕ್ಷಣಕಾಲ ಚರ್ಮದ ನಿಜವಾದ ಬಣ್ಣ ಕಾಣುತ್ತದೆ. ಕಪ್ಪು ಮೈಬಣ್ಣದ ಕೂಸುಗಳಲ್ಲಿ ಕಣ್ಣಿನ ಬಿಳಿಭಾಗವನ್ನೂ ಒಸಡನ್ನೂ ನೋಡಬೇಕು. ಕಾಮಾಲೆ ಮುಖದಿಂದ ಆರಂಭವಾಗಿ ಎದೆ, ಹೊಟ್ಟೆ, ಕಾಲುಗಳಿಗೆ ಇಳಿಯುತ್ತ ಹೋಗುತ್ತದೆ. ಅಂಗೈ ಅಂಗಾಲುಗಳು ಹಳದಿಯಾಗಿದ್ದರೆ ಬಿಲಿರುಬಿನ್ ಬಹಳ ಏರಿದೆಯೆಂದು ತಿಳಿದು ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಎರಡನೆಯದು ಬಟ್ಟೆ. ನಮ್ಮ ಮನೆಗಳಲ್ಲಿ ಕೂಸಿನ ಕೆಳಗೆ ಹಾಸುವ ಹಳೆಯ ಬಿಳಿ ಧೋತರದ ತುಂಡು ಒಂದು ಉತ್ತಮ ಪರೀಕ್ಷಾ ಸಾಧನ. ಹಸುಗೂಸಿನ ಮೂತ್ರ ಹೆಚ್ಚುಕಡಿಮೆ ನೀರಿನಂತಿರಬೇಕು. ಬಟ್ಟೆಗೆ ಕಲೆ ಹತ್ತಬಾರದು. ಮಲ ಸಾಸಿವೆಯ ಹಳದಿ ಅಥವಾ ಹಸಿರು ಮಿಶ್ರಿತ ಹಳದಿಯಾಗಿರಬೇಕು. ಮೂತ್ರ ಗಾಢ ಹಳದಿಯಾಗಿ ಬಟ್ಟೆಗೆ ಕಲೆ ಕಟ್ಟುತ್ತಿದ್ದರೆ, ಅಥವಾ ಮಲ ಸುಣ್ಣದಂತೆ ಬಿಳುಪಾಗಿದ್ದರೆ, ಪಿತ್ತವು ಕರುಳಿಗೆ ಇಳಿಯುತ್ತಿಲ್ಲವೆಂದು ಅರ್ಥ. ಸೋಂಕು ಇದಕ್ಕೆ ಒಂದು ಕಾರಣ. ಇನ್ನೊಂದು ಕಾರಣ ಪಿತ್ತನಾಳವೇ ಮುಚ್ಚಿಹೋಗುವ ರೋಗ. ಅದಕ್ಕೆ ಜಪಾನಿನ ಶಸ್ತ್ರವೈದ್ಯ ಮೊರಿಯೊ ಕಸಾಯಿ ರೂಪಿಸಿದ ಶಸ್ತ್ರಚಿಕಿತ್ಸೆಯಿದೆ. ಹುಟ್ಟಿದ 60 ದಿನಗಳೊಳಗೆ ಮಾಡಿದರೆ ಫಲ ಚೆನ್ನಾಗಿರುತ್ತದೆ, ತಡವಾದಷ್ಟೂ ಕುಂದುತ್ತದೆ. ಬಿಳಿ ಮಲದ ಕೂಸನ್ನು ಒಂದು ವಾರ ನೋಡೋಣವೆಂದು ಮನೆಯಲ್ಲಿ ಇಟ್ಟುಕೊಳ್ಳುವುದು ಆದುದರಿಂದ ಸರ್ವಥಾ ಸಲ್ಲದು.

ಆಸ್ಪತ್ರೆಯಲ್ಲಿ ಮಾಡುವ ಪರೀಕ್ಷೆಗಳು

ಪರೀಕ್ಷೆಗಳ ಹೆಸರು ಕೇಳಿ ಪಾಲಕರು ಗಾಬರಿಗೊಳ್ಳುವುದುಂಟು. ಪ್ರತಿಯೊಂದರ ಉದ್ದೇಶ ತಿಳಿದಿದ್ದರೆ ಗಾಬರಿ ಕಡಿಮೆಯಾಗುತ್ತದೆ.

ಮೊದಲನೆಯದು ರಕ್ತದ ಬಿಲಿರುಬಿನ್. ವರದಿಯಲ್ಲಿ ‘ಟೋಟಲ್’ ಮತ್ತು ‘ಡೈರೆಕ್ಟ್’ ಎಂಬ ಎರಡು ಅಂಕಿಗಳಿರಬೇಕು. ಟೋಟಲ್ ಅಂಕಿಯು ಮೆದುಳಿಗೆ ಅಪಾಯವಿದೆಯೇ, ಬೆಳಕಿನ ಚಿಕಿತ್ಸೆ ಬೇಕೇ ಎಂಬುದನ್ನು ಹೇಳುತ್ತದೆ. ಡೈರೆಕ್ಟ್ ಅಂಕಿಯು ಯಕೃತ್ತು ತನ್ನ ಕೆಲಸ ಮುಗಿಸಿದ ಬಳಿಕವೂ ಹೊರಹೋಗದೆ ಉಳಿದ ಬಿಲಿರುಬಿನ್ ಎಷ್ಟೆಂಬುದನ್ನು ತೋರಿಸುತ್ತದೆ. ಡೈರೆಕ್ಟ್ ಅಂಕಿ 1 ಮಿಲಿಗ್ರಾಂಗಿಂತ ಹೆಚ್ಚಿದ್ದರೆ ಅದು ಸಹಜ ಕಾಮಾಲೆಯಲ್ಲ. ಸೋಂಕನ್ನೂ ಪಿತ್ತನಾಳದ ಅಡ್ಡಿಯನ್ನೂ ಹುಡುಕಲೇಬೇಕು. ಟೋಟಲ್ ಅಂಕಿಯೊಂದನ್ನೇ ಬರೆದ ವರದಿ ಬಂದರೆ, “ಡೈರೆಕ್ಟ್ ಎಷ್ಟಿದೆ?” ಎಂದು ಕೇಳುವ ಹಕ್ಕು ಪಾಲಕರಿಗಿದೆ.

ಎರಡನೆಯದು ಮೂತ್ರದ ಪರೀಕ್ಷೆ ಮತ್ತು ಮೂತ್ರದ ಕಲ್ಚರ್. ಕಲ್ಚರ್ ಎಂದರೆ ಮೂತ್ರದಲ್ಲಿ ರೋಗಾಣುಗಳಿದ್ದರೆ ಅವುಗಳನ್ನು ಬೆಳೆಸಿ ಗುರುತಿಸುವುದು. ಫಲಿತಾಂಶಕ್ಕೆ ಒಂದೆರಡು ದಿನ ಬೇಕು. ದೊಡ್ಡವರಲ್ಲಿ ಉಪಯೋಗಿಸುವ ಕಾಗದದ ಪಟ್ಟಿಯ ಪರೀಕ್ಷೆಯೊಂದನ್ನೇ ಹಸುಗೂಸಿನಲ್ಲಿ ನಂಬಲಾಗದು. ಕೂಸು ಪದೇಪದೇ ಮೂತ್ರ ಮಾಡುವುದರಿಂದ, ಪಟ್ಟಿಯಲ್ಲಿ ಬಣ್ಣ ತರುವ ನೈಟ್ರೈಟ್ ಮೂತ್ರಕೋಶದಲ್ಲಿ ಕೂಡಿಕೊಳ್ಳಲು ಸಮಯವೇ ಸಿಗುವುದಿಲ್ಲ. ಸೋಂಕಿದ್ದರೂ ಪಟ್ಟಿ ಇಲ್ಲವೆನ್ನಬಹುದು.

ಮೂತ್ರವನ್ನು ಸಂಗ್ರಹಿಸುವ ಕ್ರಮವೂ ಮುಖ್ಯ. ಮೈಗೆ ಅಂಟಿಸುವ ಚೀಲದಲ್ಲಿ ಚರ್ಮದ ಮೇಲಿನ ರೋಗಾಣುಗಳೂ ಸೇರಿಬಿಡುತ್ತವೆ. ಚೀಲದ ಮೂತ್ರದಲ್ಲಿ ಏನೂ ಬೆಳೆಯದಿದ್ದರೆ ನೆಮ್ಮದಿ. ಬೆಳೆದರೆ ಮಾತ್ರ ಅದನ್ನೇ ನಂಬದೆ ಶುದ್ಧವಾಗಿ ಸಂಗ್ರಹಿಸಿ ಮತ್ತೆ ನೋಡಬೇಕು. ಹಾಲು ಕುಡಿಸಿ, ಜನನಾಂಗವನ್ನು ಸ್ವಚ್ಛ ನೀರಿನಿಂದ ತೊಳೆದು, ಕೂಸನ್ನು ಎತ್ತಿ ಹಿಡಿದು, ಕಿಬ್ಬೊಟ್ಟೆಯನ್ನು ತಣ್ಣನೆಯ ಒದ್ದೆ ಹತ್ತಿಯಿಂದ ಮೆಲ್ಲನೆ ಒರೆಸಿದರೆ ಅನೇಕ ಕೂಸುಗಳು ಮೂತ್ರ ಮಾಡುತ್ತವೆ. ಮೊದಲ ಕೆಲವು ಹನಿಗಳನ್ನು ಬಿಟ್ಟು ನಡುವಿನ ಧಾರೆಯನ್ನು ಆಸ್ಪತ್ರೆಯವರು ಕೊಟ್ಟ ಶುದ್ಧ ಬಾಟಲಿಯಲ್ಲಿ ಹಿಡಿಯಬೇಕು. ಕೂಸಿನ ಸ್ಥಿತಿ ಚಿಂತಾಜನಕವಾಗಿದ್ದರೆ ವೈದ್ಯರು ಸಣ್ಣ ನಳಿಕೆಯಿಂದ ಮೂತ್ರ ತೆಗೆಯುತ್ತಾರೆ; ಅದಕ್ಕೆ ಹೆದರಿ ಬೇಡವೆನ್ನಬಾರದು. ಒಂದು ಎಚ್ಚರಿಕೆ: ಮೂತ್ರ ಸಂಗ್ರಹಿಸುವ ಮೊದಲೇ ಅಂಗಡಿಯಿಂದ ತಂದ ಆಂಟಿಬಯಾಟಿಕ್ ಹನಿಗಳನ್ನು ಹಾಕಿಬಿಟ್ಟರೆ ಕಲ್ಚರ್‌ನಲ್ಲಿ ಏನೂ ಬೆಳೆಯದೆ, ಸೋಂಕು ಮರೆಯಾಗಿ ಉಳಿಯುತ್ತದೆ.

ಮೊದಲ ತಿಂಗಳುಗಳಲ್ಲಿ ಮೂತ್ರದ ಸೋಂಕು ಹೆಣ್ಣುಕೂಸುಗಳಿಗಿಂತ ಗಂಡುಕೂಸುಗಳಲ್ಲಿ ಹೆಚ್ಚು. ಸೋಂಕು ಖಚಿತವಾದರೆ ಮೂತ್ರಪಿಂಡಗಳ ಸ್ಕ್ಯಾನಿಂಗ್ ಮಾಡಿಸಿ, ಮಾರ್ಗದಲ್ಲಿ ಹುಟ್ಟಿನಿಂದ ಬಂದ ಅಡ್ಡಿಯಿದೆಯೇ ಎಂದು ನೋಡಬೇಕು. ನಾನು ಹೇಳಿದ ಕೂಸಿನಲ್ಲಿ ಇದ್ದುದು ಅಂತಹ ಅಡ್ಡಿಯೇ.

ಮೂರನೆಯದು ರಕ್ತಕಣಗಳ ಎಣಿಕೆ, ಸಿ.ಆರ್.ಪಿ. ಮತ್ತು ರಕ್ತದ ಕಲ್ಚರ್. ಕೂಸು ಮಂಕಾಗಿದ್ದರೆ, ಹಾಲು ಬಿಟ್ಟಿದ್ದರೆ ಇವು ಅಗತ್ಯ. ಸಿ.ಆರ್.ಪಿ. ಸೋಂಕಿನ ಆರಂಭದ ಗಂಟೆಗಳಲ್ಲಿ ಏರಿರುವುದಿಲ್ಲ. ಒಮ್ಮೆ ಸರಿಯಾಗಿ ಬಂದಿತೆಂದು ನಿಶ್ಚಿಂತರಾಗುವಂತಿಲ್ಲ.

ನಾಲ್ಕನೆಯದು ಥೈರಾಯ್ಡ್ ಪರೀಕ್ಷೆ. ಇದು ಸೋಂಕಲ್ಲ, ಆದರೆ ಥೈರಾಯ್ಡ್ ಗ್ರಂಥಿಯ ಕೊರತೆಯೂ ಇಳಿಯದ ಹಳದಿಯ ರೂಪದಲ್ಲಿಯೇ ತೋರುತ್ತದೆ. ಬೇಗ ಗುರುತಿಸಿ ದಿನಕ್ಕೊಂದು ಮಾತ್ರೆ ಕೊಟ್ಟರೆ ಬುದ್ಧಿಯ ಬೆಳವಣಿಗೆ ಉಳಿಯುತ್ತದೆ. ತಡವಾದರೆ ಆದ ನಷ್ಟ ತುಂಬಿಬರುವುದಿಲ್ಲ. ರಕ್ತ ತೆಗೆಯುವಾಗಲೇ ಇದನ್ನೂ ಮಾಡಿಸಿಬಿಡುವುದು ಜಾಣತನ.

ತಾಯಿಯಿಂದ ಕೂಸಿಗೆ ಬರುವ ಸೋಂಕುಗಳು

ಕೆಲವು ಸೋಂಕುಗಳು ಗರ್ಭದಲ್ಲಿಯೇ ಕೂಸನ್ನು ಸೇರುತ್ತವೆ. ಸಿಫಿಲಿಸ್, ಟೊಕ್ಸೊಪ್ಲಾಸ್ಮಾ, ರುಬೆಲ್ಲಾ, ಸೈಟೊಮೆಗಲೊ ವೈರಸ್ ಅವುಗಳಲ್ಲಿ ಮುಖ್ಯವಾದವು. ಡೈರೆಕ್ಟ್ ಬಿಲಿರುಬಿನ್ ಏರಿರುವುದರ ಜೊತೆಗೆ ಹುಟ್ಟುತೂಕ ಕಡಿಮೆಯಿರುವುದು, ತಲೆ ಚಿಕ್ಕದಾಗಿರುವುದು, ಯಕೃತ್ತು ಮತ್ತು ಪ್ಲೀಹ ಬಾತಿರುವುದು, ಮೈಮೇಲೆ ರಕ್ತದ ಸಣ್ಣ ಚುಕ್ಕೆಗಳಿರುವುದು ಕಂಡರೆ ವೈದ್ಯರು ಇವುಗಳಿಗಾಗಿ ಪರೀಕ್ಷಿಸುತ್ತಾರೆ. ಸೈಟೊಮೆಗಲೊ ವೈರಸ್ ಗರ್ಭದಿಂದಲೇ ಬಂದುದೇ ಎಂಬುದನ್ನು ಖಚಿತಪಡಿಸಲು ಕೂಸಿನ ಮೂತ್ರವನ್ನು ಅಥವಾ ಜೊಲ್ಲನ್ನು ಹುಟ್ಟಿದ 21 ದಿನಗಳೊಳಗೆ ಪರೀಕ್ಷಿಸಬೇಕು. ಇಲ್ಲಿಯೂ ದಿನಗಳ ಲೆಕ್ಕವೇ ಮುಖ್ಯವಾಗುತ್ತದೆ.

ಸಿಫಿಲಿಸ್ ಎಂಬ ಹೆಸರನ್ನು ಹೇಳಲು ಮನೆಗಳಲ್ಲಿ ಸಂಕೋಚವಿದೆ. ಆ ಸಂಕೋಚದ ಬೆಲೆಯನ್ನು ಕೂಸು ತೆರಬಾರದು. ಗರ್ಭಿಣಿಯ ರಕ್ತಪರೀಕ್ಷೆಯಿಂದ ಅದು ತಿಳಿಯುತ್ತದೆ. ಪೆನಿಸಿಲಿನ್ ಚುಚ್ಚುಮದ್ದಿನಿಂದ ತಾಯಿಯೂ ಗುಣವಾಗುತ್ತಾಳೆ, ಕೂಸೂ ಉಳಿಯುತ್ತದೆ. ಕಾಮಾಲೆಯ ಕೂಸನ್ನು ಆಸ್ಪತ್ರೆಗೆ ಒಯ್ಯುವಾಗ ತಾಯಿ ಕಾರ್ಡನ್ನೂ ಗರ್ಭಿಣಿಯಾಗಿದ್ದಾಗಿನ ಎಲ್ಲ ವರದಿಗಳನ್ನೂ ಜೊತೆಗೆ ಒಯ್ಯಿರಿ. ವೈದ್ಯರ ಅರ್ಧ ಕೆಲಸ ಅವುಗಳಲ್ಲಿಯೇ ಮುಗಿಯುತ್ತದೆ.

ಎಲ್ಲ ಕೂಸುಗಳಿಗೂ ಈ ಪರೀಕ್ಷೆಗಳು ಬೇಕೆ?

ಬೇಡ. ಮೂರನೆಯ ದಿನ ಹಳದಿ ಬಂದು, ಹಾಲು ಚೆನ್ನಾಗಿ ಕುಡಿಯುತ್ತ, ಚಟುವಟಿಕೆಯಿಂದಿರುವ ಕೂಸಿಗೆ ಬಿಲಿರುಬಿನ್ ಅಳತೆ ಸಾಕು. ಸೋಂಕಿನ ಹುಡುಕಾಟ ಬೇಕಾಗದು. ಅನಗತ್ಯವಾಗಿ ಸೂಜಿ ಚುಚ್ಚುವುದೂ ಆಂಟಿಬಯಾಟಿಕ್ ಕೊಡುವುದೂ ಕೂಸಿಗೆ ಹಿತವಲ್ಲ. ಮೇಲೆ ಹೇಳಿದ ದಿನಗಳ ಲೆಕ್ಕ ತಪ್ಪಿದಾಗ, ಡೈರೆಕ್ಟ್ ಅಂಕಿ ಏರಿದಾಗ, ಅಥವಾ ಕೂಸು ಮಂಕಾದಾಗ ಮಾತ್ರ ಇವು ಅಗತ್ಯವಾಗುತ್ತವೆ.

ತಾಯಿಯ ಹಾಲಿಗೆ ಸಂಬಂಧಿಸಿದ ಕಾಮಾಲೆಯೂ ಎರಡು ಮೂರು ತಿಂಗಳವರೆಗೆ ಉಳಿಯಬಹುದೆಂಬುದು ನಿಜ. ಅದರಲ್ಲಿ ಕೂಸು ತೂಕ ಏರುತ್ತಿರುತ್ತದೆ, ಮಲ ಹಳದಿಯಾಗಿರುತ್ತದೆ, ಮೂತ್ರ ತಿಳಿಯಾಗಿರುತ್ತದೆ, ಡೈರೆಕ್ಟ್ ಅಂಕಿ ಏರಿರುವುದಿಲ್ಲ. ಆದರೆ ಉಳಿದ ಕಾರಣಗಳಿಲ್ಲವೆಂದು ನೋಡಿದ ಮೇಲೆ ಕೊನೆಯಲ್ಲಿ ಇಡಬೇಕಾದ ಹೆಸರು ಅದು. ನಾನು ಅದನ್ನು ಮೊದಲಿಗೇ ಇಟ್ಟುಬಿಟ್ಟಿದ್ದೆ. ಹಾಗೆಂದು ಎದೆಹಾಲನ್ನು ನಿಲ್ಲಿಸುವ ಪ್ರಶ್ನೆಯಿಲ್ಲ. ದಿನಕ್ಕೆ ಎಂಟರಿಂದ ಹನ್ನೆರಡು ಸಲ ಹಾಲೂಡಿಸುವುದೇ ಬಿಲಿರುಬಿನ್ ಹೊರಹೋಗಲು ಉತ್ತಮ ಸಹಾಯ.

ಪ್ರಾಚೀನರ ಎಚ್ಚರ

ಆಯುರ್ವೇದದ ಎಂಟು ಅಂಗಗಳಲ್ಲಿ ಕೌಮಾರಭೃತ್ಯವು ಮಕ್ಕಳ ಆರೈಕೆಗೆ ಮೀಸಲಾದುದು. ಅದರ ಮುಖ್ಯ ಗ್ರಂಥವಾದ ಕಾಶ್ಯಪ ಸಂಹಿತೆಯ ಸೂತ್ರಸ್ಥಾನದಲ್ಲಿ ವೇದನಾಧ್ಯಾಯವೆಂಬ ಭಾಗವಿದೆ. ಮಾತನಾಡಲಾರದ ಮಗುವಿನ ನೋವನ್ನು ಅದರ ಚರ್ಯೆಯಿಂದ ಹೇಗೆ ತಿಳಿಯಬೇಕೆಂಬುದೇ ಅದರ ವಿಷಯ. ಕಣ್ಣು, ಉಗುರು, ಮುಖ, ಮಲ, ಮೂತ್ರಗಳ ಹಳದಿಯಿಂದ ಕಾಮಾಲೆಯನ್ನು ಅರಿಯಬೇಕೆಂದು ಅಲ್ಲಿ ಹೇಳಿದೆ. ಮೂತ್ರಕೃಚ್ಛ್ರದಲ್ಲಿ ಮಗು ಮೂತ್ರಕಾಲದಲ್ಲಿ ನೋವುಪಡುತ್ತದೆ, ತುಟಿ ಕಚ್ಚುತ್ತದೆ, ಕಿಬ್ಬೊಟ್ಟೆಯನ್ನು ಮುಟ್ಟಿಕೊಳ್ಳುತ್ತದೆ ಎಂದೂ ಅದೇ ಅಧ್ಯಾಯದಲ್ಲಿದೆ. ಚರಕ ಸಂಹಿತೆಯ ಚಿಕಿತ್ಸಾಸ್ಥಾನದ ಪಾಂಡುರೋಗದ ಅಧ್ಯಾಯವು, ಪಿತ್ತದ ಮಾರ್ಗ ಕಫದಿಂದ ಅಡಗಿದಾಗ ಮಲವು ಎಳ್ಳಿನ ಹಿಟ್ಟಿನಂತೆ ಬಿಳುಪಾಗುತ್ತದೆಂದು ವರ್ಣಿಸುತ್ತದೆ. ಮಲದ ಬಣ್ಣ ನೋಡಿರೆಂದು ಇಂದಿನ ಶಿಶುತಜ್ಞರು ಹೇಳುವುದೂ ಇದನ್ನೇ.

ತುಟಿ ಕಚ್ಚಿ ತೋರಿಸುವಷ್ಟೂ ಬಲವಿಲ್ಲದ ಹದಿನೈದು ದಿನದ ಕೂಸಿನಲ್ಲಿ ಇಂತಹ ಚರ್ಯೆ ನಮಗೆ ಸಿಗದು. ಅಲ್ಲಿ ಪ್ರಯೋಗಾಲಯದ ಪರೀಕ್ಷೆಯೇ ಮಗುವಿನ ಮಾತು. ಹಿಂದಿನವರು ಕಣ್ಣಿನಿಂದ ಮಾಡಿದ ಕೆಲಸವನ್ನು ಮುಂದುವರಿಸುವ ಸಾಧನವೆಂದೇ ಆಯುರ್ವೇದ ವೈದ್ಯನೂ ಅದನ್ನು ಗೌರವಿಸಬೇಕು. ದೊಡ್ಡವರ ಕಾಮಾಲೆಗೆ ನಾವು ಬಳಸುವ ನೆಲನೆಲ್ಲಿ ಮೊದಲಾದ ದ್ರವ್ಯಗಳನ್ನು ಹಸುಗೂಸಿಗೆ ನಾನು ಕೊಡುವುದಿಲ್ಲ. ಈ ವಯಸ್ಸಿನಲ್ಲಿ ಲಕ್ಷಣವನ್ನು ಗುರುತಿಸಿ, ತಡಮಾಡದೆ ಶಿಶುತಜ್ಞರ ಬಳಿಗೆ ಕಳುಹಿಸುವುದೇ ನನ್ನ ಚಿಕಿತ್ಸೆ.

ಮಾಡಬಾರದ ಕೆಲಸಗಳು

ಕಾಮಾಲೆಗೆಂದು ಕೂಸಿನ ಹೊಟ್ಟೆಯ ಮೇಲೋ ಕೈಯ ಮೇಲೋ ಬರೆ ಹಾಕುವ ಕ್ರೂರ ಪದ್ಧತಿ ಕೆಲವೆಡೆ ಇನ್ನೂ ಉಳಿದಿದೆ. ಸುಟ್ಟ ಗಾಯವು ಸೋಂಕಿಗೆ ತೆರೆದ ಬಾಗಿಲು. ಸಹಜ ಕಾಮಾಲೆ ತಾನಾಗಿಯೇ ಇಳಿಯುವುದರಿಂದ ಬರೆಯಿಂದ ಇಳಿಯಿತೆಂಬ ಭ್ರಮೆ ಹುಟ್ಟಿದೆ, ಅಷ್ಟೇ.

ಬಿಸಿಲಿಗೆ ಹಿಡಿಯುವುದನ್ನು ಚಿಕಿತ್ಸೆಯೆಂದು ನಂಬಿ ಕಾಯಬಾರದು. ಬಿಸಿಲಿನ ಗುಣವನ್ನು ಮೊದಲು ಗಮನಿಸಿದವರು ಇಂಗ್ಲೆಂಡಿನ ರೋಚ್‌ಫರ್ಡ್ ಆಸ್ಪತ್ರೆಯ ದಾದಿ ಜೀನ್ ವಾರ್ಡ್ ಎಂಬುದು ನಿಜ. 1956ರಲ್ಲಿ ಅವರು ಕಂಡ ಸಂಗತಿಯಿಂದಲೇ ನೀಲಿ ಬೆಳಕಿನ ಚಿಕಿತ್ಸೆ ಬೆಳೆಯಿತು. ಆದರೆ ಬಿಸಿಲಿನ ಪ್ರಮಾಣ ನಮ್ಮ ಹತೋಟಿಯಲ್ಲಿಲ್ಲ. ಮೈ ಸುಡಬಹುದು, ನೀರಿನಂಶ ಇಂಗಬಹುದು. ನೀಲಿ ಬೆಳಕು ಕೂಡ ಬಿಲಿರುಬಿನ್ ಅನ್ನು ಇಳಿಸುತ್ತದೆಯೇ ಹೊರತು ಸೋಂಕನ್ನು ಗುಣಪಡಿಸುವುದಿಲ್ಲ. ಬೆಳಕಿನಡಿ ಹಳದಿ ಇಳಿದರೂ ಕಾರಣವನ್ನು ಹುಡುಕುವುದನ್ನು ಬಿಡಬಾರದು.

ಸಕ್ಕರೆ ನೀರು, ಜೇನುತುಪ್ಪ, ತೇಯ್ದ ಬಜೆ, ಹರಳೆಣ್ಣೆಗಳನ್ನು ಬಾಯಿಗೆ ಹಾಕಬೇಡಿ. ಅವು ಹಾಲಿನ ಜಾಗವನ್ನು ಕಸಿಯುತ್ತವೆ, ಹೊಸ ಸೋಂಕನ್ನೂ ತರಬಹುದು.

ತಡಮಾಡದೆ ಹೊರಡಬೇಕಾದ ಹೊತ್ತು

ಹಳದಿಯ ಜೊತೆಗೆ ಈ ಕೆಳಗಿನ ಯಾವುದೊಂದು ಕಂಡರೂ ಬೆಳಗಾಗುವವರೆಗೆ ಕಾಯಬೇಡಿ: ಹಾಲು ಕುಡಿಯದಿರುವುದು ಅಥವಾ ಕುಡಿಯುವುದು ಕಡಿಮೆಯಾಗಿರುವುದು, ಎಬ್ಬಿಸಿದರೂ ಮಂಕಾಗಿರುವುದು, ಕೀರಲು ದನಿಯ ಅಳು, ಮೈ ಬಿಲ್ಲಿನಂತೆ ಹಿಂದಕ್ಕೆ ಸೆಟೆಯುವುದು ಅಥವಾ ಸೆಳವು, ಮೈ 37.5 ಡಿಗ್ರಿ ಸೆಲ್ಸಿಯಸ್ಸಿಗಿಂತ ಬಿಸಿಯಾಗಿರುವುದು ಅಥವಾ 35.5ಕ್ಕಿಂತ ತಣ್ಣಗಾಗಿರುವುದು, ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು ಉಸಿರಾಟ, ಹೊಕ್ಕುಳ ಸುತ್ತ ಕೆಂಪಾಗಿ ಕೀವು ಬರುವುದು, ಅಂಗೈ ಅಂಗಾಲು ಹಳದಿಯಾಗಿರುವುದು, ಮಲ ಬಿಳುಪಾಗಿರುವುದು.

108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ, ಹುಟ್ಟಿದ 30 ದಿನಗಳೊಳಗಿನ ಅಸ್ವಸ್ಥ ಶಿಶುವಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆ, ಔಷಧ, ಸಾಗಾಟ ಎಲ್ಲವೂ ಉಚಿತ. ನಂತರ ಈ ಸೌಲಭ್ಯವನ್ನು ಒಂದು ವರ್ಷದವರೆಗಿನ ಮಕ್ಕಳಿಗೂ ವಿಸ್ತರಿಸಲಾಗಿದೆ. ಜಿಲ್ಲಾ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳಿಗಾಗಿಯೇ ವಿಶೇಷ ಘಟಕಗಳಿವೆ. ಆಸ್ಪತ್ರೆಯಲ್ಲಿ ಹುಟ್ಟಿದ ಕೂಸನ್ನು ನೋಡಲು ಆಶಾ ಕಾರ್ಯಕರ್ತೆಯರು 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಮನೆಗೆ ಬರಬೇಕೆಂಬ ನಿಯಮವಿದೆ. ಅವರು ಬಂದಾಗ ಕೂಸು ಮಲಗಿದೆಯೆಂದು ಹೊರಗಿನಿಂದಲೇ ಕಳುಹಿಸಬೇಡಿ. ಹದಿನಾಲ್ಕನೆಯ ದಿನದ ಭೇಟಿಯಲ್ಲಂತೂ ಕೂಸನ್ನು ಬೆಳಕಿಗೆ ತಂದು ಕಣ್ಣು ತೋರಿಸಿ, ಬಟ್ಟೆಯ ಬಣ್ಣ ಹೇಳಿ.

ಕೊನೆಯದಾಗಿ ಮನೆಯ ಹಿರಿಯ ತಾಯಂದಿರಲ್ಲಿ ನನ್ನ ವಿನಂತಿ ಒಂದೇ. ಕೂಸನ್ನು ದಿನವಿಡೀ ನೋಡುವವರು ನೀವು. ವೈದ್ಯನು ನೋಡುವುದು ಐದು ನಿಮಿಷ. ಹಳದಿ ಯಾವ ದಿನ ಬಂತು, ಯಾವ ದಿನ ಇಳಿಯಿತು, ಮರಳಿ ಯಾವಾಗ ಕಂಡಿತು ಎಂಬುದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ವೈದ್ಯನು “ಏನೂ ಇಲ್ಲ” ಎಂದಾಗ, “ಹಾಗಾದರೆ ಒಮ್ಮೆ ಮೂತ್ರ ಪರೀಕ್ಷೆ ಮಾಡಿಸೋಣವೇ?” ಎಂದು ಕೇಳಲು ಅಳುಕಬೇಡಿ. ಆ ಅಜ್ಜಿ ಅಂದು ಹಾಗೆ ಕೇಳಿದ್ದರೆ ನಾನು ಬೇಡವೆನ್ನುತ್ತಿರಲಿಲ್ಲ. ಅವರು ಕೇಳಲಿಲ್ಲವೆಂಬುದು ಅವರ ತಪ್ಪಲ್ಲ; ಕೇಳುವ ಮೊದಲೇ ನಾನು ಹೇಳಬೇಕಾಗಿತ್ತು. ಇಂದು ಹೇಳುತ್ತಿದ್ದೇನೆ.